ತಂಗಿಯ ಒಡವೆ ಮತ್ತು ಪ್ರಸಂಗಪೀಠ: ಒಂದು ಆಪ್ತಸಲಹೆ ಪ್ರಕರಣ

ಈ ಪ್ರಕರಣವನ್ನು ಸಲಹಾರ್ಥಿಯ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಉದ್ಯೋಗ ಮತ್ತು ಕುಟುಂಬದ ಕೆಲವು ವಿವರಗಳನ್ನು ಬದಲಿಸಿ ಬರೆಯುತ್ತಿದ್ದೇನೆ. ಅವರು ಕಾಸರಗೋಡು ಜಿಲ್ಲೆಯ ಉತ್ತರ ಭಾಗದವರು, ಐವತ್ತರ ಸಮೀಪದ ಗೃಹಸ್ಥರು. ಹಲವು ವರ್ಷ ಗಲ್ಫಿನಲ್ಲಿ ದುಡಿದು ಮರಳಿ, ಈಗ ಊರಿನಲ್ಲೇ ಪಂಪುಸೆಟ್ಟು, ಮಿಕ್ಸಿ ಮುಂತಾದವುಗಳ ದುರಸ್ತಿಯ ಅಂಗಡಿ ಇಟ್ಟುಕೊಂಡಿದ್ದಾರೆ. ಮನೆಯಲ್ಲಿ ತುಳು, ಆರಾಧನೆಯಲ್ಲಿ ಕನ್ನಡ, ಕಚೇರಿಗಳಲ್ಲಿ ಮಲಯಾಳ ಎಂಬ ನಮ್ಮ ಕಡೆಯ ಸಾಮಾನ್ಯ ಬದುಕು ಅವರದ್ದೂ ಹೌದು. 1834ರಲ್ಲಿ ಮಂಗಳೂರಿಗೆ ಬಂದ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಶನ್ನಿನ ಕಾಲದಿಂದ ಬೆಳೆದು, ಈಗ ದಕ್ಷಿಣ ಭಾರತ ಸಭೆಗೆ (ಸಿ.ಎಸ್.ಐ.) ಸೇರಿರುವ ಒಂದು ಚಿಕ್ಕ ಸಭೆಯ ಸದಸ್ಯರು ಅವರು. ಸಭಾಪಾಲಕರು (ಪಾದ್ರಿಗಳು) ಒಂದಕ್ಕಿಂತ ಹೆಚ್ಚು ಸಭೆಗಳನ್ನು ನೋಡಿಕೊಳ್ಳಬೇಕಾಗಿರುವುದರಿಂದ, ಅವರು ಬಾರದ ಭಾನುವಾರಗಳಲ್ಲಿ ಆರಾಧನೆ ನಡೆಸಿ ಪ್ರಸಂಗ (ಧರ್ಮೋಪದೇಶ) ಮಾಡುವ ಜವಾಬ್ದಾರಿಯನ್ನೂ ಅದರ ಜೊತೆಗೆ ಸಭಾ ಹಿರಿಯರ ಸ್ಥಾನವನ್ನೂ ಒಪ್ಪಿಕೊಳ್ಳಬೇಕೆಂದು ಸಭೆಯವರು ಇವರನ್ನು ಕೇಳಿದ್ದರು. ಇವರು ನಿರಾಕರಿಸಿದ್ದರು. ನಿರಾಕರಿಸಿದ ಮೇಲೆ ನಿದ್ದೆ ಕೆಟ್ಟಿತು, ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚುವ ಕರ್ತನ ಭೋಜನದ ಭಾನುವಾರಗಳಲ್ಲಿ ಏನಾದರೊಂದು ನೆವ ಹೇಳಿ ಮನೆಯಲ್ಲೇ ಉಳಿಯತೊಡಗಿದರು. ಹೆಂಡತಿಯ ಒತ್ತಾಯದ ಮೇಲೆ ನನ್ನ ಬಳಿಗೆ ಬಂದರು.

ದೇವರ ಸೇವೆಗೆ ಕರೆ ಎಂಬುದು ಅವರಿಗೆ ಸಭೆಯ ಆಹ್ವಾನದಿಂದ ಹುಟ್ಟಿದ್ದಲ್ಲ. 2020ರ ಮಾರ್ಚ್ ಕೊನೆಯಲ್ಲಿ ಕೊರೊನಾ ಹರಡುವ ಭಯದಿಂದ ಕರ್ನಾಟಕವು ತಲಪಾಡಿಯ ಗಡಿಯನ್ನು ಮುಚ್ಚಿ, ಒಳದಾರಿಗಳಿಗೂ ಮಣ್ಣು ಸುರಿದ ದಿನಗಳನ್ನು ಈ ಕಡೆಯವರು ಮರೆತಿಲ್ಲ. ಗಡಿಯಾಚೆ ವಾಸವಾಗಿದ್ದ ಸಭಾಪಾಲಕರು ಈಚೆಗೆ ಬರುವಂತಿರಲಿಲ್ಲ, ದೇವಾಲಯವನ್ನು ತೆರೆಯುವಂತೆಯೂ ಇರಲಿಲ್ಲ. ಮಕ್ಕಳು ಹೊರದೇಶದಲ್ಲಿದ್ದು ಒಂಟಿಯಾಗಿ ಉಳಿದಿದ್ದ ಸಭೆಯ ಕೆಲವು ಮುದುಕಿಯರಿಗೆ ಇವರು ಸಂಜೆ ಹೊತ್ತು ಫೋನ್ ಮಾಡಿ, ಕನ್ನಡದಲ್ಲಿ ಸತ್ಯವೇದದ (ಬೈಬಲಿನ) ಒಂದು ಕೀರ್ತನೆ ಓದಿ ಪ್ರಾರ್ಥಿಸುತ್ತಿದ್ದರು. ಆ ಅಜ್ಜಿಯಂದಿರಲ್ಲಿ ಒಬ್ಬರು, "ನೀನು ಓದಿದರೆ ಅಯ್ಯನವರೇ ಮನೆಗೆ ಬಂದ ಹಾಗೆ ಆಗ್ತದೆ ಮಗಾ" ಎಂದಿದ್ದರಂತೆ. ಕನಸೂ ಬೀಳಲಿಲ್ಲ, ಧ್ವನಿಯೂ ಕೇಳಿಸಲಿಲ್ಲ. ಈ ಕೆಲಸಕ್ಕೇ ದೇವರು ನನ್ನನ್ನು ಇಟ್ಟಿದ್ದಾರೆ ಎಂಬ ನೆಮ್ಮದಿ ಮಾತ್ರ ಬಂತು ಎಂದು ಅವರು ಹೇಳಿದರು. ಕನಸು ಕಂಡೆನೆಂದು ಬರುವವರಿಗಿಂತ ಇಂಥವರ ಮಾತನ್ನು ನಾನು ಹೆಚ್ಚು ಗಂಭೀರವಾಗಿ ತೆಗೆದುಕೊಳ್ಳುತ್ತೇನೆ, ಏಕೆಂದರೆ ಇಲ್ಲಿ ಕರೆಗೆ ಮೊದಲೇ ಕೆಲಸವಿತ್ತು, ಆ ಕೆಲಸದಿಂದ ಸಾಂತ್ವನ ಪಡೆದ ಮನುಷ್ಯರೂ ಇದ್ದರು.

ಹಾಗಿದ್ದರೆ ತಡೆ ಎಲ್ಲಿ ಎಂದು ಕೇಳಿದಾಗ, ಮೊದಲ ಭೇಟಿಗಳಲ್ಲಿ ಸಿಕ್ಕಿದ್ದು ಒಂದೇ ಉತ್ತರ: "ನನಗೆ ಯೋಗ್ಯತೆ ಇಲ್ಲ ಮಾಸ್ಟ್ರೇ. ನಾನು ಅಲ್ಲಿ ನಿಂತರೆ ದೇವರಿಗೇ ಅವಮಾನ." ಮುಂಗೋಪ, ಗಲ್ಫಿನಲ್ಲಿದ್ದಾಗಿನ ಕುಡಿತ, ತಪ್ಪಿಹೋದ ಪ್ರಾರ್ಥನೆಗಳು, ಉಪದೇಶಿಯಾಗಿದ್ದ ಮುತ್ತಜ್ಜನ ಹೆಸರಿಗೆ ತಕ್ಕವನಾಗಲಿಲ್ಲವೆಂಬ ಕೊರಗು, ಇವೆಲ್ಲ ಒಂದಾದ ಮೇಲೊಂದು ಬಂದವು. ಪಟ್ಟಿ ಉದ್ದವಾಗಿದ್ದಷ್ಟೂ ನನಗೆ ಅನುಮಾನ ಹೆಚ್ಚಿತು. ಕುಡಿತ ಬಿಟ್ಟು ಬಹಳ ವರ್ಷಗಳಾಗಿದ್ದವು; ಮುಂಗೋಪದ ವಿಷಯದಲ್ಲಿ ಹೆಂಡತಿಗೆ ದೊಡ್ಡ ದೂರೇನೂ ಇರಲಿಲ್ಲ. ಯಾವ ಪಾಪದ ಬಗ್ಗೆಯೂ ನಿರ್ದಿಷ್ಟವಾಗಿ ಮಾತನಾಡದೆ ಎಲ್ಲ ಪಾಪಗಳನ್ನೂ ಒಪ್ಪಿಕೊಳ್ಳುವವರು, ಅನೇಕ ವೇಳೆ, ಒಂದನ್ನು ಹೇಳದೆ ಉಳಿಸಿಕೊಂಡಿರುತ್ತಾರೆ.

ಇನ್ನೊಂದು ಸಾಧ್ಯತೆಯನ್ನೂ ಮೊದಲೇ ಪರಿಶೀಲಿಸಬೇಕಿತ್ತು. ತರುಣ ಸನ್ಯಾಸಿಯಾಗಿದ್ದಾಗ ಮಾರ್ಟಿನ್ ಲೂಥರ್ ಗಂಟೆಗಟ್ಟಲೆ ಪಾಪನಿವೇದನೆ ಮಾಡಿಯೂ ಸಮಾಧಾನ ಕಾಣದೆ ತನ್ನ ಹಿರಿಯರಾದ ಸ್ಟೌಪಿಟ್ಸರನ್ನು ಬೇಸರಗೊಳಿಸುತ್ತಿದ್ದದ್ದು ಪ್ರಸಿದ್ಧವಾದ ಸಂಗತಿ. ಕ್ಷಮೆಯ ಭರವಸೆ ಎಷ್ಟು ಸಿಕ್ಕರೂ ಸಾಲದೆ ಅದೇ ತಪ್ಪನ್ನು ಮತ್ತೆ ಮತ್ತೆ ಎಣಿಸುವ ಮನಸ್ಸು ಕೆಲವರಲ್ಲಿ ಗೀಳು ಕಾಯಿಲೆಯ ರೂಪವಾಗಿರುತ್ತದೆ, ಕೆಲವರಲ್ಲಿ ಖಿನ್ನತೆಯ ಲಕ್ಷಣವಾಗಿರುತ್ತದೆ; ಅಂಥವರಿಗೆ ವೇದವಾಕ್ಯ ಹೇಳುತ್ತ ಕೂರುವುದು ಅನ್ಯಾಯ, ಅವರನ್ನು ಮನೋವೈದ್ಯರ ಬಳಿಗೆ ಕಳಿಸಬೇಕು. ಇವರಲ್ಲಿ ನಿದ್ದೆಯ ತೊಂದರೆ ಬಿಟ್ಟರೆ ಅಂಥ ಚಿಹ್ನೆಗಳು ಕಾಣಲಿಲ್ಲ. ಹಸಿವೆ, ಕೆಲಸ, ಜನರೊಡನೆ ಒಡನಾಟ ಎಲ್ಲ ಸರಿಯಾಗಿದ್ದವು. ಬದುಕು ಬೇಡವೆಂಬ ಯೋಚನೆ ಬಂದಿದೆಯೇ ಎಂದು ನೇರವಾಗಿಯೇ ಕೇಳಿದೆ, ಇಲ್ಲವೆಂದರು.

ವಿಷಯ ಹೊರಬಿದ್ದದ್ದು ತಂಗಿಯ ಮಾತು ಬಂದಾಗ. ಗಲ್ಫಿಗೆ ಹೋಗುವ ಮೊದಲು ವೀಸಾದ ಹಣಕ್ಕಾಗಿ ಇವರು ತಂಗಿಯ ಹನ್ನೆರಡು ಪವನು (ಒಂದು ಪವನು ಎಂಟು ಗ್ರಾಂ) ಒಡವೆಯನ್ನು ಪಡೆದು ಅಡವಿಟ್ಟಿದ್ದರು. ಆಕೆ ತನ್ನ ಗಂಡನಿಗೂ ಪೂರ್ತಿ ತಿಳಿಸದೆ ಅಣ್ಣನ ಮಾತಿನ ಮೇಲೆ ಬಿಚ್ಚಿ ಕೊಟ್ಟಿದ್ದಳು. ಮೊದಲ ಎರಡು ವರ್ಷ ಸಂಬಳವೇ ಸರಿಯಾಗಿ ಬರಲಿಲ್ಲ, ಬಡ್ಡಿ ಬೆಳೆಯಿತು, ಒಡವೆ ಹರಾಜಾಯಿತು. ಅನಂತರ ಸಂಪಾದನೆ ಚೆನ್ನಾಗಿ ಆದಾಗ ಇವರು ಮನೆ ಕಟ್ಟಿದರು, ತಂಗಿಗೆ ಕ್ರಿಸ್ಮಸ್ಸಿಗೆ ಸೀರೆ ಕಳಿಸಿದರು, ಒಡವೆಯ ಮಾತು ಎತ್ತಲಿಲ್ಲ. ಆಕೆಯೂ ಕೇಳಲಿಲ್ಲ; ಗಂಡನ ಮನೆಯಲ್ಲಿ ಆಕೆ ಕೇಳಿದ ಮಾತುಗಳೆಷ್ಟು ಎಂಬುದು ಇವರಿಗೆ ಬೇರೆಯವರ ಬಾಯಿಂದ ತಿಳಿಯಿತು. ಈಗ ಆಕೆ ಅದೇ ಸಭೆಯಲ್ಲಿ, ಪ್ರಸಂಗಪೀಠದಿಂದ ನೇರ ಕಾಣುವ ಬೆಂಚಿನಲ್ಲಿ ಕೂರುತ್ತಾಳೆ.

ಇದನ್ನು ಹೇಳಿ ಮುಗಿಸಿದ ಮೇಲೆ ಅವರು ಆಡಿದ ಮಾತು ಈ ಪ್ರಕರಣದಲ್ಲಿ ನನಗೆ ಅತ್ಯಂತ ಮುಖ್ಯವಾಗಿ ಕಂಡಿತು: ಸೇವೆಯನ್ನು ಒಪ್ಪಿಕೊಂಡು ಉಳಿದ ಆಯುಷ್ಯವನ್ನೆಲ್ಲ ಸಭೆಗೆ ಕೊಟ್ಟುಬಿಟ್ಟರೆ ದೇವರು ಈ ಲೆಕ್ಕವನ್ನು ಚುಕ್ತಾ ಮಾಡಬಹುದೇ ಎಂದು ಅವರು ಕೇಳಿದರು. ಒಂದೇ ಮನಸ್ಸಿನಲ್ಲಿ ಎರಡು ವಾದಗಳಿದ್ದವು. ನಾನು ಅಯೋಗ್ಯ, ಆದ್ದರಿಂದ ಕರೆಯನ್ನು ಒಪ್ಪಲಾರೆ ಎಂಬುದು ಒಂದು. ನಾನು ಅಯೋಗ್ಯ, ಆದ್ದರಿಂದ ಕರೆಯನ್ನು ಒಪ್ಪಿ ಪ್ರಾಯಶ್ಚಿತ್ತ ಮಾಡಿಕೊಳ್ಳುತ್ತೇನೆ ಎಂಬುದು ಇನ್ನೊಂದು. ಮೇಲುನೋಟಕ್ಕೆ ಇವು ವಿರುದ್ಧ. ಆದರೆ ಎರಡರಲ್ಲೂ ತಂಗಿಯ ಮನೆಗೆ ಹೋಗುವ ಅಗತ್ಯ ಬೀಳುವುದಿಲ್ಲ. ವ್ಯವಹಾರವೆಲ್ಲ ದೇವರ ಮತ್ತು ಇವರ ನಡುವೆ ಮುಗಿದುಹೋಗುತ್ತದೆ, ಒಡವೆ ಕೊಟ್ಟವಳು ಲೆಕ್ಕದಿಂದ ಹೊರಗುಳಿಯುತ್ತಾಳೆ. ಇದನ್ನು ನಾನು ಅವರಿಗೆ ಮೆತ್ತಗೆ, ಆದರೆ ಮರೆಮಾಚದೆ ಹೇಳಿದೆ.

ಯೋಗ್ಯತೆಯ ಪ್ರಶ್ನೆಯನ್ನು ಮೊದಲು ಬಿಡಿಸಬೇಕಾಗಿತ್ತು, ಏಕೆಂದರೆ ಅದು ಬಗೆಹರಿಯದೆ ಅವರಿಗೆ ಬೇರೆ ಯಾವ ಮಾತೂ ಕೇಳಿಸುವಂತಿರಲಿಲ್ಲ. ಸತ್ಯವೇದದಲ್ಲಿ ಕರೆಯಲ್ಪಟ್ಟವರು ಹೆಚ್ಚಾಗಿ ಮೊದಲು ಹೇಳುವ ಉತ್ತರವೇ ನಿರಾಕರಣೆ. ಐಗುಪ್ತ್ಯನನ್ನು ಕೊಂದು ಮರಳಿನಲ್ಲಿ ಮುಚ್ಚಿಟ್ಟು ಓಡಿಹೋಗಿದ್ದ ಮೋಶೆ, ಉರಿಯುವ ಪೊದೆಯ ಮುಂದೆ ನಿಂತು ತಾನು ಎಷ್ಟರವನೆಂದು ಕೇಳುತ್ತಾನೆ, ತನ್ನ ನಾಲಿಗೆ ಮಂದವೆನ್ನುತ್ತಾನೆ, ಬೇರೆ ಯಾರನ್ನಾದರೂ ಕಳುಹಿಸೆಂದು ಬೇಡುತ್ತಾನೆ. ದೇವರು ಅವನಿಗೆ ಅವನು ಯೋಗ್ಯನೆಂದು ಹೇಳುವುದಿಲ್ಲ; ನಾನು ನಿನ್ನ ಸಂಗಡ ಇರುವೆನೆನ್ನುತ್ತಾನೆ, ಮಾತಿಗೆ ಆರೋನನನ್ನು ಜೊತೆ ಕೊಡುತ್ತಾನೆ. ಯೆಶಾಯನು ತನ್ನದು ಹೊಲಸು ತುಟಿಯೆಂದಾಗ ಅವನನ್ನು ಹಿಂದೆ ಕಳಿಸಲಿಲ್ಲ, ಆ ತುಟಿಗೇ ಕೆಂಡ ಮುಟ್ಟಿಸಲಾಯಿತು. ಯೇಸುವಿನ ಶಿಷ್ಯ ಪೇತ್ರನ ಉದಾಹರಣೆಯನ್ನು ಇವರು ತಾವೇ ಎತ್ತಿದರು, ಆದರೆ ಅರ್ಧಕ್ಕೆ ನಿಲ್ಲಿಸಿದರು. ತನ್ನನ್ನು ಮೂರು ಸಾರಿ ಅರಿಯೆನೆಂದವನಿಗೆ ಯೇಸು ಸಮುದ್ರತೀರದಲ್ಲಿ ಮೂರು ಸಾರಿ ಪ್ರೀತಿಯನ್ನು ಕೇಳಿ, ಮೂರು ಸಾರಿಯೂ ಕುರಿಗಳನ್ನು ಒಪ್ಪಿಸಿದ್ದು ಎಲ್ಲರಿಗೂ ಗೊತ್ತು. ಅದೇ ಪೇತ್ರನು ಬಹುಕಾಲದ ಮೇಲೆ ಅಂತಿಯೋಕ್ಯದಲ್ಲಿ ಜನರಿಗೆ ಹೆದರಿ ಯೆಹೂದ್ಯರಲ್ಲದ ಅನ್ಯಜನರ ಪಂಕ್ತಿಯಿಂದ ಎದ್ದುಹೋದದ್ದನ್ನೂ, ಅಪೊಸ್ತಲ ಪೌಲನು ಎಲ್ಲರ ಮುಂದೆ ಅವನನ್ನು ಗದರಿಸಿದ್ದನ್ನೂ ಗಲಾತ್ಯದವರಿಗೆ ಬರೆದ ಪತ್ರದ ಎರಡನೆಯ ಅಧ್ಯಾಯದಲ್ಲಿ ಓದಬಹುದು. ಕರೆಗೆ ಮೊದಲು ಮಾತ್ರವಲ್ಲ, ಕರೆಯ ನಂತರವೂ ಪೇತ್ರನು ತಪ್ಪುವ ಮನುಷ್ಯನಾಗಿಯೇ ಇದ್ದನು, ಆದರೆ ತಿದ್ದುವವರ ಕೈಗೆ ಸಿಗುವಂತೆ ಇದ್ದನು. ಈ ಎರಡನೆಯ ಭಾಗವನ್ನು ನಮ್ಮ ಪ್ರಸಂಗಗಳಲ್ಲಿ ಯಾಕೋ ಬಿಟ್ಟುಬಿಡುತ್ತೇವೆ.

ಕರ್ತನ ಭೋಜನದಿಂದ ದೂರವಿರಲು ಅವರು ಕೊರಿಂಥದವರಿಗೆ ಬರೆದ ಮೊದಲ ಪತ್ರದ ಹನ್ನೊಂದನೆಯ ಅಧ್ಯಾಯವನ್ನು ಆಧಾರ ಕೊಟ್ಟರು. ಅಧ್ಯಾಯವನ್ನು ಮೊದಲಿನಿಂದ ಓದಿಸಿದೆ. ಅಲ್ಲಿ ಪೌಲನ ಸಿಟ್ಟು, ಉಳ್ಳವರು ಮೊದಲೇ ಉಂಡು ಕುಡಿದು ಇಲ್ಲದವರನ್ನು ಹಸಿದವರಾಗಿ ಕೂರಿಸಿದ್ದರ ಮೇಲೆ; ಅಯೋಗ್ಯವಾಗಿ ತಿನ್ನುವುದೆಂಬ ಮಾತು ಆ ವರ್ತನೆಯ ಕುರಿತು ಬರುತ್ತದೆ. ತನ್ನನ್ನು ಪರೀಕ್ಷಿಸಿಕೊಂಡು ಹಾಗೆಯೇ ತಿನ್ನಲಿ ಎಂದು ಆತನು ಬರೆಯುತ್ತಾನೆ, ತಿನ್ನದೆ ಇರಲಿ ಎಂದಲ್ಲ. ಅಣ್ಣನ ಮನೆ ಎದ್ದು ನಿಂತು ತಂಗಿಯ ಕೊರಳು ಬರಿದಾದದ್ದು ಈ ವಾಕ್ಯಕ್ಕೆ ಬಹಳ ಹತ್ತಿರದ ವಿಷಯವೆಂದು ಅವರೇ ಹೇಳಿದರು, ನಾನು ಹೇಳಬೇಕಾಗಲಿಲ್ಲ.

ಅವರ ಇನ್ನೊಂದು ಭಯ ಕೇಳುವವರ ಬಗ್ಗೆ. ಇಂಥ ಬಾಯಿಂದ ಬಂದ ವಾಕ್ಯದಿಂದ ಆ ಅಜ್ಜಿಯಂದಿರಿಗೆ ಕೆಡುಕಾಗದೇ? ಈ ಪ್ರಶ್ನೆ ಹಳೆಯದು. 303ರಲ್ಲಿ ರೋಮ್ ಚಕ್ರವರ್ತಿ ಡಯೊಕ್ಲೀಷಿಯನ್ ಕ್ರೈಸ್ತರ ಮೇಲೆ ಆರಂಭಿಸಿದ ಹಿಂಸೆಯಲ್ಲಿ ಹೆದರಿ ಪವಿತ್ರ ಗ್ರಂಥಗಳನ್ನು ಒಪ್ಪಿಸಿಬಿಟ್ಟ ಅಧ್ಯಕ್ಷರ (ಬಿಷಪ್ಪರ) ಸೇವೆ ಅಸಿಂಧುವೆಂದು ಉತ್ತರ ಆಫ್ರಿಕದ ದೊನಾತರ ಪಂಗಡವು ಹಟ ಹಿಡಿದು ಬೇರೆಯಾಯಿತು. ಸಂಸ್ಕಾರಗಳು ಕ್ರಿಸ್ತನವು, ನಡೆಸುವವನ ಪರಿಶುದ್ಧತೆಯ ಮೇಲೆ ನಿಂತವುಗಳಲ್ಲ ಎಂದು ಅಲ್ಲಿಯ ಬಿಷಪ್ ಅಗಸ್ಟೀನನು ಅವರಿಗೆ ಉತ್ತರಿಸಿದನು. ಲೂಥರನ ಅನುಯಾಯಿಗಳ 1530ರ ಔಗ್ಸ್‌ಬರ್ಗ್ ವಿಶ್ವಾಸಪ್ರಮಾಣದ ಎಂಟನೆಯ ವಿಧಿಯೂ ಇದನ್ನೇ ಹೇಳುತ್ತದೆ. ಅಜ್ಜಿಯಂದಿರ ಸಾಂತ್ವನ ಇವರ ಸದ್ಗುಣದಿಂದ ಬಂದದ್ದಲ್ಲ, ಕೀರ್ತನೆಯಿಂದ ಬಂದದ್ದು. ಅದನ್ನು ಇವರ ಲೋಪ ಕಿತ್ತುಕೊಳ್ಳಲಾರದು.

ಆದರೆ ಈ ಸಿದ್ಧಾಂತವನ್ನು ಅರ್ಧ ಕೇಳಿ ಸುಖವಾಗಿ ಮನೆಗೆ ಹೋಗುವವರನ್ನೂ ನಾನು ಕಂಡಿದ್ದೇನೆ. ಸಭೆಯ ಮೇಲ್ವಿಚಾರಕನು ಹಣದಾಸೆ ಇಲ್ಲದವನೂ ಹೊರಗಿನವರಿಂದ ಒಳ್ಳೆಯ ಹೆಸರು ಪಡೆದವನೂ ಆಗಿರಬೇಕೆಂದು ತಿಮೊಥೆಯನಿಗೆ ಬರೆದ ಮೊದಲ ಪತ್ರದ ಮೂರನೆಯ ಅಧ್ಯಾಯ ಹೇಳುವುದು ಸುಮ್ಮನೆ ಅಲ್ಲ. ಕಳಂಕವಿಲ್ಲದವರು ಸಿಗುವವರೆಗೆ ದೇವರ ಕೆಲಸ ನಿಲ್ಲುವುದಿಲ್ಲ. ಹಾಗೆಂದು ಒಬ್ಬರ ಸ್ವತ್ತನ್ನು ಇಟ್ಟುಕೊಂಡವರು ಅದನ್ನು ಹಿಂದಿರುಗಿಸುವ ಯತ್ನ ಮಾಡದೆ ಸಭೆಯ ಮುಂದೆ ನಿಲ್ಲುವುದೂ ಸರಿಯಲ್ಲ. ಯಜ್ಞವೇದಿಯ ಹತ್ತಿರ ಕಾಣಿಕೆ ತಂದವನಿಗೆ ಸಹೋದರನಿಗೆ ತನ್ನ ಮೇಲೆ ದೂರಿರುವುದು ನೆನಪಾದರೆ ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಹೋಗಿ ಒಂದಾಗು ಎಂದು ಯೇಸು ಪರ್ವತಪ್ರಸಂಗದಲ್ಲಿ ಹೇಳುತ್ತಾನೆ, ಅನಂತರ ಬಂದು ಕಾಣಿಕೆ ಅರ್ಪಿಸು ಎಂದೂ ಹೇಳುತ್ತಾನೆ. ಕ್ರಮ ಸ್ಪಷ್ಟವಾಗಿದೆ, ಕಾಣಿಕೆಯೂ ರದ್ದಾಗಿಲ್ಲ.

ಆದ್ದರಿಂದ ನನ್ನ ಸಲಹೆಯ ಹೆಚ್ಚಿನ ಭಾಗ ತಂಗಿಯ ಮನೆಗೆ ಹೋಗುವುದರ ಕುರಿತೇ ಇತ್ತು. ಮೊದಲು ಹೆಂಡತಿಗೆ ಪೂರ್ತಿ ತಿಳಿಸಬೇಕು, ಏಕೆಂದರೆ ತೀರಿಸುವ ಹಣ ಮನೆಯ ಹಣ. ತಂಗಿಯ ಬಳಿ ಹೋದಾಗ ಗಲ್ಫಿನ ಕಷ್ಟದ ಕತೆ ಬೇಡ, ಸಭೆಯವರು ಕರೆದ ವಿಷಯವೂ ಬೇಡ; ಅದನ್ನು ಹೇಳಿದರೆ ತನ್ನಿಂದಾಗಿ ದೇವರ ಕೆಲಸ ತಡೆಯಿತೆಂಬ ಹೊರೆಯನ್ನು ಆಕೆಯ ಮೇಲೆ ಹಾಕಿದಂತಾಗುತ್ತದೆ, ಕ್ಷಮೆಯನ್ನು ಬಲವಂತವಾಗಿ ಕಿತ್ತಂತಾಗುತ್ತದೆ. ನಿನ್ನ ಒಡವೆಯನ್ನು ತೆಗೆದುಕೊಂಡೆ, ಕೊಡಲು ಸಾಧ್ಯವಾದಾಗಲೂ ಕೊಡಲಿಲ್ಲ, ಈಗ ಕೊಡಲು ಬಂದಿದ್ದೇನೆ ಎಂಬಷ್ಟು ಸಾಕು. ಆಕೆಯ ಗಂಡನ ಎದುರಿಗೆ ಹೇಳಬೇಕೋ ಬೇಡವೋ ಎಂಬುದನ್ನು ಆಕೆಯೇ ತೀರ್ಮಾನಿಸಲಿ.

ಎಷ್ಟು ಕೊಡಬೇಕೆಂಬುದು ಕಷ್ಟದ ಪ್ರಶ್ನೆಯಾಗಿತ್ತು. ಒಡವೆ ಹೋದ ಕಾಲದಲ್ಲಿ ಕೇರಳದಲ್ಲಿ ಪವನಿಗೆ 20,000 ರೂಪಾಯಿಗಿಂತ ಕಡಿಮೆ ಇತ್ತು, 2024ರ ಮಾರ್ಚ್ ಕೊನೆಗೆ ಅದು 50,000 ದಾಟಿತು, ಆಮೇಲೆ ಇನ್ನೂ ಏರಿದೆ. ಅಂದಿನ ಬೆಲೆಗೆ ಬ್ಯಾಂಕಿನ ಬಡ್ಡಿ ಸೇರಿಸಿ ಕೊಡುವ ಲೆಕ್ಕವನ್ನು ಅವರು ಕಾಗದದಲ್ಲಿ ಬರೆದುಕೊಂಡು ಬಂದಿದ್ದರು. ತೆಗೆದುಕೊಂಡದ್ದು ರೂಪಾಯಿಯಲ್ಲ, ಚಿನ್ನ; ಸಾಲದ ಅಳತೆಯನ್ನು ಸಾಲಗಾರನೇ ನಿಶ್ಚಯಿಸುವಂತಿಲ್ಲ ಎಂದೆ. ಸುವಾರ್ತೆಯ ಸುಂಕದವನಾದ ಜಕ್ಕಾಯನು ಅನ್ಯಾಯವಾಗಿ ಪಡೆದದ್ದಕ್ಕೆ ನಾಲ್ಕರಷ್ಟು ಕೊಡುತ್ತೇನೆಂದದ್ದನ್ನು ನೆನಪಿಸಿದಾಗ ಅವರು ಗಾಬರಿಯಾದರು. ನಾಲ್ಕರಷ್ಟು ಬೇಕಾಗಿಲ್ಲ, ಹನ್ನೆರಡು ಪವನು ಹನ್ನೆರಡು ಪವನೇ ಎಂಬಲ್ಲಿಂದ ಮಾತು ಆರಂಭಿಸಿ, ಒಮ್ಮೆಗೇ ಆಗದಿದ್ದರೆ ಕಂತುಗಳಲ್ಲಿ ಕೊಡುವುದನ್ನು ಲಿಖಿತವಾಗಿ ಒಪ್ಪಿಕೊಳ್ಳಿ ಎಂದು ಸೂಚಿಸಿದೆ.

ಸಭಾಪಾಲಕರಿಗೆ, ಸೇವೆಯನ್ನು ಒಪ್ಪುವ ಮುಂಚೆಯೇ, ಖಾಸಗಿಯಾಗಿ ತಿಳಿಸಬೇಕೆಂದೂ, ಯೋಗ್ಯತೆಯ ತೀರ್ಮಾನವನ್ನು ತಮ್ಮ ಒಬ್ಬರ ಮನಸ್ಸಿಗೆ ಬಿಡದೆ ಅವರ ಕೈಗೆ ಕೊಡಬೇಕೆಂದೂ ಹೇಳಿದೆ. ಬಾಲಕ ಸಮುವೇಲನು ಕರೆಯನ್ನು ತಾನಾಗಿ ಗುರುತಿಸಲಿಲ್ಲ. ತನ್ನ ಮಕ್ಕಳನ್ನು ತಿದ್ದಲಾಗದ ಯಾಜಕ ಏಲಿಯೇ ಅದು ಕರ್ತನ ಧ್ವನಿಯೆಂದು ತಿಳಿಸಬೇಕಾಯಿತು. ಸಭೆಯ ಎದುರು ಸಾಕ್ಷಿ ಹೇಳಿ ಒಡವೆಯ ಕತೆಯನ್ನು ಬಿಚ್ಚಿಡುವುದು ಬೇಡವೆಂದು ಒತ್ತಿ ಹೇಳಿದೆ, ಏಕೆಂದರೆ ಅದು ತಂಗಿಯ ಸಂಸಾರದ ಗುಟ್ಟೂ ಹೌದು. ನಮ್ಮ ಕೂಟಗಳಲ್ಲಿ ದೊಡ್ಡ ಪಾಪದ ಸಾಕ್ಷಿಗೆ ಸಿಗುವ ಮರ್ಯಾದೆ ಸಾಲ ತೀರಿಸಿದವನಿಗೆ ಸಿಗುವುದಿಲ್ಲ, ಸಿಗದಿದ್ದರೆ ನಷ್ಟವಿಲ್ಲ. ಪ್ರಸಂಗದ ಸೇವೆಯನ್ನು ಒಪ್ಪಿ, ಹಿರಿಯರ ಸ್ಥಾನವನ್ನು ಸದ್ಯಕ್ಕೆ ಬಿಡಬೇಕೆಂಬುದು ನನ್ನ ಅಭಿಪ್ರಾಯವಾಗಿತ್ತು. ಅದರಲ್ಲಿ ಸಭೆಯ ಹಣದ ಉಸ್ತುವಾರಿಯೂ ಸೇರುತ್ತದೆ, ಸಾಲ ತೀರುವ ತನಕ ಅದು ಇವರ ಕೈಯಲ್ಲಿ ಇಲ್ಲದಿರುವುದು ಇವರಿಗೇ ಕ್ಷೇಮ. ಸಭಾಪಾಲಕರೂ ಇದನ್ನೇ ಹೇಳಿದರಂತೆ.

ತಂಗಿ ಆ ದಿನ ಹೆಚ್ಚು ಮಾತನಾಡಲಿಲ್ಲ. ಕೆಲವು ವಾರಗಳ ನಂತರ ಮಗಳ ನರ್ಸಿಂಗ್ ಓದಿನ ಶುಲ್ಕವನ್ನು ಕಂತುಕಂತಾಗಿ ಕಟ್ಟುವುದಾದರೆ ಅದನ್ನು ಚಿನ್ನದ ಲೆಕ್ಕಕ್ಕೆ ಹಿಡಿಯುತ್ತೇನೆ, ಉಳಿದದ್ದನ್ನು ಚಿನ್ನವಾಗಿಯೇ ಕೊಡು ಎಂದು ಹೇಳಿ ಕಳಿಸಿದಳು. ಕ್ಷಮಿಸಿದ್ದೇನೆಂದು ಹೇಳಲಿಲ್ಲ. ಅದನ್ನು ಕೇಳಿ ಪಡೆಯಬೇಕೇ ಎಂದು ಇವರು ವಿಚಾರಿಸಿದಾಗ ಬೇಡವೆಂದೆ. ಕೊಡುವುದು ಇವರ ಪಾಲು, ಕ್ಷಮಿಸುವುದು ಆಕೆಯ ಪಾಲು, ಅದಕ್ಕೆ ಗಡುವು ಹಾಕುವ ಹಕ್ಕು ಯಾರಿಗೂ ಇಲ್ಲ. ಮೊದಲ ಕಂತು ಸಂದ ಮೇಲೆ ಇವರು ಕರ್ತನ ಭೋಜನಕ್ಕೆ ಹೋದರು, ಈಗ ಸಭಾಪಾಲಕರು ಬಾರದ ಭಾನುವಾರಗಳಲ್ಲಿ ಪ್ರಸಂಗ ಮಾಡುತ್ತಿದ್ದಾರೆ. ಬರೆದ ಪ್ರಸಂಗವನ್ನು ಮುಂಚಿತವಾಗಿ ಸಭಾಪಾಲಕರಿಗೆ ತೋರಿಸುವ ಏರ್ಪಾಡೂ ಇದೆ. ಮಂಗಳೂರಿನ ಬಲ್ಮಠದಲ್ಲಿರುವ ಕರ್ನಾಟಕ ಥಿಯಲಾಜಿಕಲ್ ಕಾಲೇಜಿಗೆ ಸೇರಿ ಪೂರ್ಣಕಾಲಿಕ ಸೇವೆಗೆ ಸಿದ್ಧನಾಗಬೇಕೇ ಎಂಬ ಪ್ರಶ್ನೆಯನ್ನು ಇತ್ತೀಚೆಗೆ ಎತ್ತಿದ್ದಾರೆ. ಅಂಗಡಿಯ ಆದಾಯದಿಂದಲೇ ತಂಗಿಯ ಕಂತು ಹೋಗುತ್ತಿರುವುದರಿಂದ, ಅದು ಮುಗಿಯುವ ತನಕ ಅಂಗಡಿ ಮುಚ್ಚಬಾರದೆಂದು ಹೇಳಿದ್ದೇನೆ.