ಸಕ್ಕರೆ, ಇಡ್ಲಿ, ಬ್ರೆಡ್ ಬಿಟ್ಟರೆ ಮೈಯಲ್ಲಿನ ಯೀಸ್ಟ್ ಕಡಿಮೆ ಆಗುತ್ತಾ?

ಸಕ್ಕರೆ ಕಾಯಿಲೆ ಇಲ್ಲದವರಿಗೆ ಬರೀ ಪಥ್ಯದಿಂದ ಯೀಸ್ಟ್, ಅಂದರೆ ಕ್ಯಾಂಡಿಡಾ ಅನ್ನೋ ಶಿಲೀಂಧ್ರ, ಹೋಗುತ್ತದೆ ಅನ್ನೋದಕ್ಕೆ ಗಟ್ಟಿ ಪುರಾವೆ ಇಲ್ಲ.

ಕ್ಯಾಂಡಿಡಾಗೆ ಸಕ್ಕರೆ ಇಷ್ಟ, ನಿಜ. ಆದರೆ ನೀವು ಕುಡಿದ ಕಾಫಿಯ ಸಕ್ಕರೆ ಸಣ್ಣ ಕರುಳಲ್ಲೇ ರಕ್ತಕ್ಕೆ ಸೇರುತ್ತದೆ. ಅಲ್ಲಿ ಇನ್ಸುಲಿನ್ ಅದನ್ನು ಹದ್ದುಬಸ್ತಿನಲ್ಲಿಡುತ್ತದೆ. ಸಕ್ಕರೆ ಕಾಯಿಲೆಯವರ ಕಥೆ ಬೇರೆ. ರಕ್ತದಲ್ಲಿ ಸಕ್ಕರೆ ಸುಮಾರು 180 ದಾಟಿದರೆ ಮೂತ್ರಕ್ಕೂ ಇಳಿಯುತ್ತದೆ. ತೊಡೆಸಂದಿಯಲ್ಲಿ ಪದೇ ಪದೇ ತುರಿಕೆ ಬರೋದು ಅದಕ್ಕೇ. ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುವ ಡಾಪಾಗ್ಲಿಫ್ಲೋಜಿನ್ ಮಾತ್ರೆ ತಿನ್ನುವವರಿಗೂ ಇದೇ ಕಾಟ. ಇವರಿಗೆ ಸಕ್ಕರೆ ಹತೋಟಿ ನಿಜಕ್ಕೂ ಮುಖ್ಯ.

ಇಡ್ಲಿ ಮೇಲೆ ಸುಮ್ನೆ ಅನುಮಾನ! ಹಿಟ್ಟು ಉಬ್ಬೋದು ಹೆಚ್ಚಾಗಿ ಬ್ಯಾಕ್ಟೀರಿಯಾದಿಂದ. ಯೀಸ್ಟ್ ಇದ್ದರೂ ಹಬೆಯಲ್ಲಿ ಸಾಯುತ್ತದೆ. ಬ್ರೆಡ್ಡಿನ ಯೀಸ್ಟ್ ಬೇರೆಯೇ ಜಾತಿ, ಅದೂ ಓವನ್‌ನಲ್ಲಿ ಸತ್ತಿರುತ್ತದೆ.

ಇತ್ತೀಚೆಗೆ ಆ್ಯಂಟಿಬಯೋಟಿಕ್ ತಗೊಂಡಿದ್ದೀರಾ? ಯೀಸ್ಟನ್ನು ತಡೆಯುವ ಒಳ್ಳೆ ಬ್ಯಾಕ್ಟೀರಿಯಾ ಅದರಿಂದ ಸಾಯುತ್ತವೆ. ನಾಲಿಗೆ ಮೇಲೆ ಮೊಸರಿನಂಥ ಬಿಳಿ ಪದರ ಇದ್ದು, ಸ್ಟೀರಾಯ್ಡ್ ಇನ್‌ಹೇಲರ್ ಎಳೀತಿದ್ದರೆ, ಪ್ರತಿ ಸಲ ಬಾಯಿ ಮುಕ್ಕಳಿಸಿ ಉಗುಳಿ. ಸೋಂಕು ಖಚಿತವಾದರೆ ಡಾಕ್ಟರ್ ಕ್ಲೋಟ್ರಿಮಜೋಲ್ ಅಥವಾ ಫ್ಲುಕೊನಜೋಲ್ ಕೊಡುತ್ತಾರೆ.