64 ಜನರ ಕೌಂಟಿಯಲ್ಲಿ ನನ್ನ ಮಗನೂ ಇದ್ದಾನಾ?

ಪ್ರಶ್ನೆ: ನನ್ನ ಮಗ ಅಮೆರಿಕದ ಟೆಕ್ಸಸ್‌ನಲ್ಲಿ ಎಣ್ಣೆ ಬಾವಿಗಳ ಇಂಜಿನಿಯರ್. ಮನೆ ಮಿಡ್‌ಲ್ಯಾಂಡ್‌ನಲ್ಲಿ, ಕೆಲಸ ಲವಿಂಗ್ ಕೌಂಟಿಯಲ್ಲಿ. ಅಲ್ಲಿ ಬರೀ 64 ಜನ ಅಂತ ಫೋನಿನಲ್ಲಿ ಹೇಳಿದ. ಅಷ್ಟು ಜನಕ್ಕೆ ಒಂದು ಜಿಲ್ಲೆಯಾ? ಆ 64ರಲ್ಲಿ ಅವನೂ ಒಬ್ಬನಾ?
(ಓದುಗರೊಬ್ಬರು, ಬ್ರಹ್ಮಾವರ)

ಉತ್ತರ: ನಿಮ್ಮ ಮಗ ಹೇಳಿದ್ದು ಸರಿಯೇ. 2020ರ ಜನಗಣತಿಯಲ್ಲಿ ಅಲ್ಲಿ ಸಿಕ್ಕಿದ್ದು 64 ಜನ, ಇಡೀ ಅಮೆರಿಕದಲ್ಲಿ ಅಷ್ಟು ಕಮ್ಮಿ ಜನರ ಕೌಂಟಿ ಇನ್ನೊಂದಿಲ್ಲ. ಜಾಗ ಮಾತ್ರ ಸಣ್ಣದಲ್ಲ. ಸುಮಾರು 1,750 ಚದರ ಕಿ.ಮೀ., ಅಂದರೆ ನಮ್ಮ ಉಡುಪಿ ಜಿಲ್ಲೆಯ ಹತ್ತಿರ ಹತ್ತಿರ ಅರ್ಧ. ನಮ್ಮಲ್ಲಿ 2011ರಲ್ಲೇ 11.77 ಲಕ್ಷ ಜನ ಇದ್ದೆವು.

ಕೌಂಟಿಯನ್ನು ಜಿಲ್ಲೆ ಅಂತಲೇ ಇಟ್ಟುಕೊಳ್ಳಿ, ಆದರೆ ಮೇಲಿನಿಂದ ಡಿಸಿಯನ್ನು ಕಳಿಸುವ ಕ್ರಮ ಅಲ್ಲಿಲ್ಲ. ಆಡಳಿತ ನೋಡುವ ಜಡ್ಜ್, ಪೊಲೀಸರ ಮುಖ್ಯಸ್ಥರಾದ ಶೆರೀಫ್, ಕ್ಲರ್ಕ್ ಎಲ್ಲರನ್ನೂ ಊರವರೇ ವೋಟು ಹಾಕಿ ಆರಿಸಬೇಕು. ಟೆಕ್ಸಸ್ ಒಂದರಲ್ಲೇ ಇಂಥ 254 ಕೌಂಟಿಗಳಿವೆ.

ಊರು ಅಂತ ಇರುವುದು ಒಂದೇ, ಮೆಂಟೋನ್. ಹೆದ್ದಾರಿ ಪಕ್ಕದಲ್ಲಿ 1935ರಲ್ಲಿ ಕಟ್ಟಿದ ಎರಡು ಮಾಳಿಗೆಯ ಕೋರ್ಟು ಕಟ್ಟಡ, ಸುತ್ತ ಒಣ ಬಯಲು, ಕುರುಚಲು ಗಿಡ. ಒಂದು ಅಂಚಿನಲ್ಲಿ ಪೇಕೋಸ್ ನದಿ, ಉತ್ತರಕ್ಕೆ ನ್ಯೂ ಮೆಕ್ಸಿಕೋ. ಅಲ್ಲಿ ಇಡೀ ವರ್ಷ ಬೀಳುವ ಮಳೆ ನಮ್ಮಲ್ಲಿ ಜುಲೈಯ ಒಂದು ಜೋರು ವಾರದಲ್ಲೇ ಬಂದುಬಿಡುತ್ತದೆ. ಶಾಲೆ ಇಲ್ಲ, ಮಕ್ಕಳು ಪಕ್ಕದ ಕೌಂಟಿಯ ವಿಂಕ್ ಊರಿಗೆ ಹೋಗಬೇಕು.

ಹೆಸರು ಬಂದದ್ದು ಪ್ರೀತಿಯಿಂದಲ್ಲ, ಆಲಿವರ್ ಲವಿಂಗ್ ಎಂಬ ದನದ ವ್ಯಾಪಾರಿಯಿಂದ. ದನದ ಹಿಂಡುಗಳನ್ನು ದೂರದ ಊರುಗಳಿಗೆ ಹೊಡೆದುಕೊಂಡು ಹೋಗುತ್ತಿದ್ದ ಅವರು 1867ರಲ್ಲಿ ಪೇಕೋಸ್ ದಂಡೆಯಲ್ಲಿ ಕಮಾಂಚಿ ಎಂಬ ಅಲ್ಲಿನ ಮೂಲನಿವಾಸಿಗಳ ದಾಳಿಯಲ್ಲಿ ಗಾಯಗೊಂಡು ತೀರಿಕೊಂಡರು. 1887ರಲ್ಲಿ ಕೌಂಟಿಗೆ ಗಡಿ ಹಾಕಿದರು, 1893ರಲ್ಲಿ ಆಡಳಿತ ಶುರುವಾಯಿತು. ಅದರ ಹಿಂದೆ ನೀರಾವರಿ ಕಾಲುವೆ ತೋಡುತ್ತೇವೆ ಅಂತ ಬಂದ ಒಂದು ಕಂಪನಿ ಇತ್ತು. ಎಲ್ಲ ಮೋಸ ಅಂತ ಗೊತ್ತಾದಾಗ 1897ರಲ್ಲಿ ರಾಜ್ಯದ ಶಾಸನಸಭೆ ಕೌಂಟಿಯನ್ನೇ ರದ್ದು ಮಾಡಿ ಪಕ್ಕದ ರೀವ್ಸ್ ಕೌಂಟಿಗೆ ಸೇರಿಸಿಬಿಟ್ಟಿತು. ಆಮೇಲೆ ಎಣ್ಣೆ ಸಿಕ್ಕಿತು, ಜನ ಬಂದರು, 1931ರಲ್ಲಿ ಮತ್ತೆ ಸ್ವಂತ ಆಡಳಿತ ಬಂತು. 1940ರಲ್ಲಿ 285 ಜನ ಇದ್ದರು, ಜನಗಣತಿಗಳ ಲೆಕ್ಕದಲ್ಲಿ ಅದೇ ಜಾಸ್ತಿ. 2010ಕ್ಕೆ 82ಕ್ಕೆ ಇಳಿಯಿತು.

ನನಗೆ ತುಂಬಾ ಇಷ್ಟವಾದವರು ಎಡ್ನಾ ರೀಡ್ ಡ್ಯೂಯಿಸ್. 1945ರಲ್ಲಿ ಈ ಸಣ್ಣ ಕೌಂಟಿ ಅವರನ್ನು ಶೆರೀಫ್ ಮಾಡಿತು. ಟೆಕ್ಸಸ್‌ನಲ್ಲಿ ವೋಟಿನಿಂದ ಶೆರೀಫ್ ಆದ ಮೊದಲ ಹೆಂಗಸು ಅವರು. ಬಂದೂಕು ಇಟ್ಟುಕೊಳ್ಳಲೇ ಇಲ್ಲ.

ಈಗ ನಿಮ್ಮ ಮಗನ ವಿಷಯ. 64 ಅಂದ ಮಾತ್ರಕ್ಕೆ ಅಲ್ಲಿ ಹಗಲು ಯಾರೂ ಇರುವುದಿಲ್ಲ ಅಂದುಕೊಳ್ಳಬೇಡಿ. ಎಣ್ಣೆ ಬಾವಿಗಳಿಗೆ ಲಾರಿಗಳು ಓಡುತ್ತಲೇ ಇರುತ್ತವೆ, ಕ್ಯಾಂಪುಗಳಲ್ಲಿ ಕೆಲಸದವರು ತುಂಬಿರುತ್ತಾರೆ. ಆದರೆ ಯಾರ ಮನೆ ಎಲ್ಲೋ ಅವರ ಲೆಕ್ಕ ಅಲ್ಲಿ. ಮಲ್ಪೆ ಬಂದರಿನಲ್ಲಿ ಬಲೆ ಎಳೆಯುವವರಲ್ಲಿ ಎಷ್ಟೋ ಜನರ ವೋಟು, ರೇಷನ್ ಕಾರ್ಡು ಬೇರೆ ರಾಜ್ಯದಲ್ಲಿದೆ, ಮೀನು ಮಾತ್ರ ನಮ್ಮ ಮನೆಗೆ ಬರುವುದು ಅವರ ಕೈಯಿಂದಲೇ. ಹಾಗಾಗಿ ನಿಮ್ಮ ಮಗ ಆ 64ರಲ್ಲಿ ಇಲ್ಲ. 2020ರ ಏಪ್ರಿಲ್ 1ರಂದು ಮಿಡ್‌ಲ್ಯಾಂಡ್‌ನಲ್ಲೇ ವಾಸವಿದ್ದರೆ ಅಲ್ಲಿನ ಲೆಕ್ಕದಲ್ಲಿ ಸೇರಬೇಕಾದವನು, ಅಮೆರಿಕದ ಪಾಸ್‌ಪೋರ್ಟ್ ಇಲ್ಲದಿದ್ದರೂ ಪರವಾಗಿಲ್ಲ. ಆಮೇಲೆ ಹೋದವನಾದರೆ ಮುಂದಿನ ಎಣಿಕೆ 2030ಕ್ಕೆ. ಅಷ್ಟರವರೆಗೆ ನಿಮ್ಮ ಮನೆಯ ಲೆಕ್ಕದಲ್ಲೇ ಇರಲಿ.