ನಾಲ್ಕನ್ನೂ ತೆಗೆಯಿರಿ, ಐದನೆಯದು ಏಳುತ್ತದೆ

ಓದುಗರ ಕಂಪ್ಯೂಟರ್ ಪ್ರಶ್ನೆಗಳಿಗೆ ಹುಬ್ಬಳ್ಳಿಯ ರಿಪೇರಿ ಅಂಗಡಿಯವರ ಉತ್ತರ

ಪ್ರಶ್ನೆ: ನಾನು ಗದಗಿನ ನಿವೃತ್ತ ಶಿಕ್ಷಕ. ಮನೆಯಲ್ಲಿ ವಿಂಡೋಸ್ 11 ಇರುವ ಕಂಪ್ಯೂಟರ್ ಇದೆ. ಪಿಂಚಣಿ ಲೆಕ್ಕ, ಮೊಮ್ಮಗನ ಪಾಠ, ನುಡಿಯಲ್ಲಿ ವಚನ ಟೈಪ್ ಮಾಡುವುದು, ಇಷ್ಟೇ ಕೆಲಸ. ಕೊಳ್ಳುವಾಗ ಜೊತೆಗೆ ಬಂದ ಆ್ಯಂಟಿವೈರಸ್‌ನ ಅವಧಿ ಮುಗಿದಿದೆ. 'ಕಂಪ್ಯೂಟರ್ ಅಪಾಯದಲ್ಲಿದೆ, ರಿನ್ಯೂ ಮಾಡಿ' ಅಂತ ದಿನಾ ಕೆಂಪು ಅಕ್ಷರ. ಬೆಂಗಳೂರಿನ ಮಗ 'ಪುಕ್ಕಟೆ ಸಿಗುತ್ತೆ, ಹಾಕ್ಕೊಳ್ಳಿ' ಅಂದ. ಪಕ್ಕದ ಮನೆ ಹುಡುಗ ಬಂದು ಪುಕ್ಕಟೆಯವು ಮೂರು ಹಾಕಿ ಹೋದ. ಈಗ ಕಂಪ್ಯೂಟರ್ ಶುರುವಾಗುವಷ್ಟರಲ್ಲಿ ನನ್ನ ಚಹಾ ಮುಗಿದಿರುತ್ತದೆ. ಯಾವುದನ್ನು ಇಟ್ಟುಕೊಳ್ಳಲಿ?

ಉತ್ತರ: ಸರ್, ಅವಧಿ ಮುಗಿದದ್ದು ಒಂದು, ಹುಡುಗ ಹಾಕಿದ್ದು ಮೂರು. ನಾಲ್ಕನ್ನೂ ತೆಗೆಯಿರಿ.

ಗಾಬರಿ ಬೇಡ. ನಾಲ್ಕೂ ಹೋದ ಮೇಲೆ ಐದನೆಯದೊಂದು ತಾನಾಗಿಯೇ ಎದ್ದು ಕೂರುತ್ತದೆ. ಅದರ ಹೆಸರು ಮೈಕ್ರೋಸಾಫ್ಟ್ ಡಿಫೆಂಡರ್. ಮೊದಲ ದಿನದಿಂದಲೂ ಅದು ನಿಮ್ಮ ಕಂಪ್ಯೂಟರಿನಲ್ಲೇ ಇದೆ. ಬೇರೆ ಆ್ಯಂಟಿವೈರಸ್ ಬಂದರೆ ಕುರ್ಚಿ ಬಿಟ್ಟುಕೊಟ್ಟು ಹಿಂದೆ ಸರಿಯುತ್ತದೆ. ಬಂದವರು ಹೊರಟರೆ ಮತ್ತೆ ಬಂದು ಕೂರುತ್ತದೆ. 2012ರ ವಿಂಡೋಸ್ 8ರಿಂದ ಇದು ವಿಂಡೋಸ್ ಜೊತೆಗೇ ಬರುತ್ತಿದೆ. ಅದಕ್ಕೆ ಬೇರೆ ದುಡ್ಡಿಲ್ಲ, ರಿನ್ಯೂ ಇಲ್ಲ.

ಇದನ್ನು ಹೇಳುತ್ತಿರುವ ನಾನು ಆ್ಯಂಟಿವೈರಸ್ ಡಬ್ಬಿ ಮಾರಿಯೇ ಬದುಕಿದವನು. ಕೊಪ್ಪಿಕರ್ ರಸ್ತೆ ಹತ್ತಿರದ ಓಣಿಯಲ್ಲಿ ನನ್ನ ಅಂಗಡಿ. ಒಂದು ಕಾಲಕ್ಕೆ ಗಲ್ಲಾದ ಹಿಂದಿನ ಗೋಡೆ ತುಂಬ ಆ ಡಬ್ಬಿಗಳೇ. 'ಡಿಫೆಂಡರ್ ಅಂದ್ರ ಸುಮ್ನ ಹೆಸರಿಗೆ ಐತ್ರಿ' ಅಂತ ಗಿರಾಕಿಗಳಿಗೆ ನಾನೇ ಹೇಳುತ್ತಿದ್ದೆ. ಆಗ ಅದು ಸುಳ್ಳೂ ಆಗಿರಲಿಲ್ಲ. ಆ್ಯಂಟಿವೈರಸ್‌ಗಳಿಗೆ ಪರೀಕ್ಷೆ ಇಟ್ಟು ಅಂಕ ಕೊಡುವ ಎವಿ-ಟೆಸ್ಟ್ ಅನ್ನುವ ಸಂಸ್ಥೆ ಜರ್ಮನಿಯಲ್ಲಿದೆ. ಮೊದಮೊದಲು ಅಲ್ಲಿ ಡಿಫೆಂಡರ್ ಹಿಂದಿನ ಬೆಂಚಿನ ಹುಡುಗ. ಈಗ ಕೆಲವು ವರ್ಷಗಳಿಂದ ದುಡ್ಡು ಕೊಟ್ಟು ಕೊಳ್ಳುವವುಗಳ ಸಾಲಿನಲ್ಲೇ ಅಂಕ ತೆಗೆದುಕೊಳ್ಳುತ್ತಿದೆ. ನನ್ನ ಗೋಡೆಯಲ್ಲಿ ಈಗ ಚಾರ್ಜರ್‌ಗಳು ನೇತಾಡುತ್ತಿವೆ.

ಮೂರು ಹಾಕಿದರೆ ಮೂರು ಪಟ್ಟು ಕಾವಲು ಅಂತ ಆ ಹುಡುಗ ಅಂದುಕೊಂಡಿರಬೇಕು. ಆಗುವುದೇ ಬೇರೆ. ನೀವು ಒಂದು ಫೈಲ್ ತೆರೆದ ತಕ್ಷಣ ಮೂವರೂ ಅದನ್ನು ಹಿಡಿದು ನೋಡುತ್ತಾರೆ. ಒಬ್ಬ ನೋಡುತ್ತಿರುವುದು ಇನ್ನೊಬ್ಬನಿಗೆ ಅನುಮಾನ ತರುತ್ತದೆ. ನಮ್ಮ ಅಂಗಡಿ ಹುಡುಗ ಗಿರಾಕಿಗಳಿಗೆ ಹೇಳುವುದು ಹೀಗೆ: 'ಅಣ್ಣಾರ, ಒಂದ ಗೇಟಿಗೆ ಮೂರು ನಾಯಿ ಕಟ್ಟೀರಿ. ಕಳ್ಳನ್ನ ಬಿಟ್ಟು ತಮ್ಮ ತಮ್ಮೊಳಗ ಬೊಗಳಾಕತ್ತಾವ.' ನಿಮ್ಮ ಚಹಾ ಮುಗಿಯುತ್ತಿರುವುದು ಆ ಬೊಗಳಾಟದಲ್ಲೇ.

ತೆಗೆಯುವಾಗ ಅವಸರ ಬೇಡ. ಸೆಟ್ಟಿಂಗ್ಸ್‌ನಲ್ಲಿ ಆ್ಯಪ್ಸ್, ಅದರೊಳಗೆ ಇನ್‌ಸ್ಟಾಲ್ಡ್ ಆ್ಯಪ್ಸ್. ಒಂದನ್ನು ಅನ್‌ಇನ್‌ಸ್ಟಾಲ್ ಮಾಡಿ, ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ, ಆಮೇಲೆ ಇನ್ನೊಂದಕ್ಕೆ ಕೈ ಹಾಕಿ. 'ಹೋಗಬೇಡಿ, ಅರ್ಧ ಬೆಲೆಗೆ ಕೊಡ್ತೀವಿ' ಅಂತ ಕೆಲವು ಗೋಗರೆಯುತ್ತವೆ. ಕರಗಬೇಡಿ. ಯಾವುದಾದರೂ ಹಟ ಹಿಡಿದು ಕೂತರೆ, ಅದನ್ನು ತೆಗೆಯುವ ಟೂಲನ್ನು ದೊಡ್ಡ ಕಂಪನಿಗಳು ತಮ್ಮ ವೆಬ್‌ಸೈಟಿನಲ್ಲೇ ಕೊಟ್ಟಿರುತ್ತವೆ.

ಎಲ್ಲ ಮುಗಿದ ಮೇಲೆ ಪರದೆಯ ಕೆಳಗೆ, ಬಲಗಡೆ ಗಡಿಯಾರದ ಪಕ್ಕ, ಗುರಾಣಿಯ ಚಿತ್ರ ಹುಡುಕಿ. ಸಣ್ಣ ಬಾಣದ ಗುರುತು ಒತ್ತಿದರೆ ಅದರೊಳಗೆ ಅಡಗಿರಬಹುದು. ಹಸಿರು ಗುರುತು ಇದ್ದರೆ ಡಿಫೆಂಡರ್ ಎದ್ದಿದೆ ಅಂತ ಅರ್ಥ.

ಹಸಿರು ಕಂಡಿತೆಂದು ಅಲ್ಲಿಗೇ ಬಿಡಬೇಡಿ. ಹೋದ ಮಳೆಗಾಲದಲ್ಲಿ ಧಾರವಾಡದ ಒಬ್ಬ ಹುಡುಗ ಲ್ಯಾಪ್‌ಟಾಪ್ ತಂದ. ಗುರಾಣಿ ಹಸಿರು, ಸ್ಕ್ಯಾನ್ ಮಾಡಿದರೆ ಒಂದೂ ವೈರಸ್ ಇಲ್ಲ. ಆದರೆ ಬ್ರೌಸರ್ ತೆರೆದರೆ ಸಾಕು, ಜೂಜಿನ ಸೈಟ್ ತಾನೇ ಬರುತ್ತದೆ. ಅರ್ಧ ಗಂಟೆ ತಲೆ ಕೆರೆದುಕೊಂಡೆ. ಕೊನೆಗೆ ವಿಂಡೋಸ್ ಸೆಕ್ಯುರಿಟಿ ತೆರೆದು, ವೈರಸ್ ಆ್ಯಂಡ್ ಥ್ರೆಟ್ ಪ್ರೊಟೆಕ್ಷನ್, ಮ್ಯಾನೇಜ್ ಸೆಟ್ಟಿಂಗ್ಸ್ ಅಂತ ಹೋಗಿ ತೀರ ಕೆಳಗೆ ಎಕ್ಸ್‌ಕ್ಲೂಷನ್ಸ್ ನೋಡಿದೆ. ಡಿಫೆಂಡರ್ ಯಾವ ಯಾವ ಜಾಗವನ್ನು ಮುಟ್ಟಬಾರದು ಅನ್ನುವ ಪಟ್ಟಿ ಅದು. ಪಟ್ಟಿಯಲ್ಲಿ ಇದ್ದದ್ದು ಒಂದೇ ಸಾಲು: ಇಡೀ ಸಿ ಡ್ರೈವ್!

ಕಾವಲುಗಾರನಿಗೆ 'ನೀನು ಮನೆಯೊಳಗೆ ಮಾತ್ರ ನೋಡಬೇಡ' ಅಂದ ಹಾಗೆ. ಮಾಡಿದ್ದು ಯಾರು ಅಂತ ಕೇಳಿದರೆ, ಹುಡುಗ ಅವನೇ ಮಾಡಿದ್ದ. ದುಡ್ಡು ಕೊಡದೆ ವಿಂಡೋಸ್ ಆ್ಯಕ್ಟಿವೇಟ್ ಮಾಡುವ ಕ್ರ್ಯಾಕ್ ಒಂದನ್ನು ಇಳಿಸಿಕೊಂಡಿದ್ದ. 'ಮೊದಲು ಆ್ಯಂಟಿವೈರಸ್ ಆಫ್ ಮಾಡಿ, ಇಲ್ಲದಿದ್ದರೆ ಕೆಲಸ ಮಾಡಲ್ಲ' ಅಂತ ಅದರ ಜೊತೆ ಬರೆದಿತ್ತು. ವೈರಸ್ ಒಳಗೆ ಬರುವ ದಾರಿಗಳಲ್ಲಿ ನಾನು ಜಾಸ್ತಿ ನೋಡಿರುವುದು ಇದನ್ನೇ. ಆ ಲ್ಯಾಪ್‌ಟಾಪನ್ನು ಫಾರ್ಮ್ಯಾಟ್ ಮಾಡಬೇಕಾಯಿತು.

ಹಾಗಾಗಿ ನೀವೂ ಆ ಪಟ್ಟಿ ಒಮ್ಮೆ ನೋಡಿ. ಹೋಂ ಕಂಪ್ಯೂಟರಿನಲ್ಲಿ ಅದು ಖಾಲಿ ಇರಬೇಕು. ಆಮೇಲೆ ಸ್ಕ್ಯಾನ್ ಆಪ್ಷನ್ಸ್‌ನಲ್ಲಿ ಆಫ್‌ಲೈನ್ ಸ್ಕ್ಯಾನ್ ಅಂತ ಇದೆ, ಒಮ್ಮೆ ಕೊಡಿ. ಕಂಪ್ಯೂಟರ್ ರೀಸ್ಟಾರ್ಟ್ ಆಗಿ, ವಿಂಡೋಸ್ ಪೂರ್ತಿ ಏಳುವ ಮೊದಲೇ ಹುಡುಕುತ್ತದೆ. ಸುಮಾರು 15 ನಿಮಿಷ ಹಿಡಿಯುತ್ತದೆ. ಬರೆಯುತ್ತಿರುವ ವಚನವನ್ನು ಮೊದಲು ಸೇವ್ ಮಾಡಿಕೊಳ್ಳಿ.

ಅಷ್ಟಾದರೂ ಅನುಮಾನ ಉಳಿದರೆ ಎರಡನೇ ಡಾಕ್ಟರ್‌ಗೆ ತೋರಿಸಿದ ಹಾಗೆ ಮಾಲ್‌ವೇರ್‌ಬೈಟ್ಸ್ ಹಾಕಿ ನೋಡಬಹುದು. ಅದರ ಪುಕ್ಕಟೆ ಆವೃತ್ತಿ ಹಗಲು-ರಾತ್ರಿ ಕಾಯುವುದಿಲ್ಲ. ನೀವು ಕರೆದಾಗ ಬಂದು ಹುಡುಕಿ, ಸಿಕ್ಕಿದ್ದನ್ನು ತೆಗೆದು ಹೋಗುತ್ತದೆ. ಡಿಫೆಂಡರ್ ಜೊತೆ ಜಗಳವಿಲ್ಲ. ಮೊದಲ 14 ದಿನ ಪ್ರೀಮಿಯಂ ಟ್ರಯಲ್ ತೋರಿಸಿ ಆಸೆ ಹಚ್ಚುತ್ತದೆ, ಕಾರ್ಡ್ ನಂಬರ್ ಕೊಡಬೇಡಿ ಅಷ್ಟೇ. ಸೈಬರ್ ಸ್ವಚ್ಛತಾ ಕೇಂದ್ರ ಅಂತ ಕೇಂದ್ರ ಸರ್ಕಾರದ್ದೂ ಒಂದಿದೆ, 2017ರಲ್ಲಿ ಶುರುವಾದದ್ದು. ಅಲ್ಲೂ ಸ್ವಚ್ಛ ಮಾಡುವ ಟೂಲ್‌ಗಳನ್ನು ಪುಕ್ಕಟೆ ಕೊಡುತ್ತಾರೆ.

ಹುಡುಗ ಹಾಕಿದ ಮೂರರ ಹೆಸರು ನೀವು ಬರೆದಿಲ್ಲ. ಅವಾಸ್ಟ್, ಎವಿಜಿ, ಅವೀರಾ ಇರಬಹುದು ಅಂತ ನನ್ನ ಊಹೆ, ಮನೆಮನೆಯಲ್ಲಿ ಕಾಣುವವು ಅವೇ. ಹೆಸರು ಮೂರಾದರೂ ಈಗ ಮೂರರ ಮಾಲೀಕರು ಒಬ್ಬರೇ, ನಾರ್ಟನ್ ಮಾರುವ ಜೆನ್ ಡಿಜಿಟಲ್ ಕಂಪನಿ. ವೈರಸ್ ಹಿಡಿಯುವುದರಲ್ಲಿ ಅವು ಕಡಿಮೆಯೇನಲ್ಲ. ಆದರೆ ಪುಕ್ಕಟೆ ಕೊಟ್ಟವರು ಎಲ್ಲೋ ಒಂದು ಕಡೆ ದುಡ್ಡು ಹುಡುಕಲೇಬೇಕಲ್ವಾ? ಜನ ಯಾವ ಯಾವ ವೆಬ್‌ಸೈಟ್ ನೋಡುತ್ತಾರೆ ಅನ್ನುವ ಮಾಹಿತಿಯನ್ನು ಅವಾಸ್ಟ್ ತನ್ನ ಇನ್ನೊಂದು ಕಂಪನಿಯ ಮೂಲಕ ಮಾರಿತ್ತು. ಅದಕ್ಕೆ 2024ರಲ್ಲಿ ಅಮೆರಿಕದ ವ್ಯಾಪಾರ ಆಯೋಗ 1.65 ಕೋಟಿ ಡಾಲರ್ ಕಕ್ಕಿಸಿತು. ಮಾರುವುದು 2020ರಲ್ಲೇ ನಿಂತಿದೆ. ಆದರೂ ನಮ್ಮ ಮನೆಯ ಕಂಪ್ಯೂಟರಿಗೆ ನಾನು ಹಾಕಿಕೊಂಡಿಲ್ಲ. ಡಿಫೆಂಡರ್ ಬೇಡವೇ ಬೇಡ ಅಂತ ಹಟ ಹಿಡಿಯುವ ಗಿರಾಕಿಗೆ ಬಿಟ್‌ಡಿಫೆಂಡರ್‌ನ ಪುಕ್ಕಟೆ ಆವೃತ್ತಿ ಹಾಕಿಕೊಡುತ್ತೇನೆ, ಅದೂ ಕಂಪನಿಯ ಸ್ವಂತ ಸೈಟಿನಿಂದ.

ಪ್ರಶ್ನೆ: ನಮ್ಮ ಮನೆ ಲ್ಯಾಪ್‌ಟಾಪಿನ ಮೂಲೆಯಲ್ಲಿ ಐದು ನಿಮಿಷಕ್ಕೊಮ್ಮೆ 'ನಿಮ್ಮ ಕಂಪ್ಯೂಟರಿನಲ್ಲಿ 5 ವೈರಸ್ ಇವೆ, ಈಗಲೇ ಒತ್ತಿ' ಅಂತ ಬರುತ್ತದೆ. ಎರಡು ಆ್ಯಂಟಿವೈರಸ್ ಹಾಕಿ ನೋಡಿದೆವು, ಏನೂ ಸಿಗಲಿಲ್ಲ. ಏನು ಮಾಡಲಿ? (ಹಾವೇರಿಯ ಗೃಹಿಣಿ)

ಉತ್ತರ: ಸಿಗಲಿಲ್ಲ, ಯಾಕಂದರೆ ಅಲ್ಲಿ ವೈರಸ್ಸೇ ಇಲ್ಲ ಅಕ್ಕಾ.

ರಾಣೆಬೆನ್ನೂರಿನಲ್ಲಿರುವ ನಮ್ಮ ಅಕ್ಕನಿಗೂ ಇದೇ ಆಗಿತ್ತು. ರಾತ್ರಿ ಹತ್ತಕ್ಕೆ ಫೋನು. 'ತಮ್ಮಾ, ಕಂಪ್ಯೂಟರಿಗೆ ಐದು ವೈರಸ್ ಹೊಕ್ಕಾವಂತ, ಸ್ವಿಚ್ ತಗದ ಬಿಡ್ಲೇನು?' ಯಾವ ಸೈಟಿಗೆ ಹೋಗಿದ್ದೆ ಅಂದೆ. ಪೂಜೆ ವಿಧಾನದ ಪಿಡಿಎಫ್ ಹುಡುಕುತ್ತಿದ್ದಳಂತೆ. ಒಂದು ಸೈಟ್ ತೆರೆದಾಗ 'ನೀವು ರೋಬೋಟ್ ಅಲ್ಲ ಅಂತ ತೋರಿಸಲು ಅಲೋ ಒತ್ತಿ' ಅಂತ ಬಂದಿದೆ. 'ನಾ ಏನ್ ರೋಬೋಟ್ ಏನು?' ಅಂದುಕೊಂಡು ಒತ್ತಿದ್ದಾಳೆ.

ಅಕ್ಕ ಕೊಟ್ಟ ಆ ಅಲೋ, ಸೈಟಿಗೆ ನೋಟಿಫಿಕೇಷನ್ ಕಳಿಸಲು ಕೊಟ್ಟ ಒಪ್ಪಿಗೆ. ಅಂದಿನಿಂದ ಅದು ತನಗೆ ಬೇಕಾದ ಜಾಹೀರಾತನ್ನು ವೈರಸ್ ಎಚ್ಚರಿಕೆಯ ವೇಷದಲ್ಲಿ ಕಳಿಸುತ್ತಿರುತ್ತದೆ. ನಾವೇ ಕೊಟ್ಟ ಅನುಮತಿ ಆದ್ದರಿಂದ ಆ್ಯಂಟಿವೈರಸ್ ಕಣ್ಣಿಗೆ ಅದು ಕಳ್ಳನಲ್ಲ.

ಕ್ರೋಮ್ ಬಳಸುತ್ತಿದ್ದರೆ ಮೇಲೆ ಬಲಗಡೆ ಮೂರು ಚುಕ್ಕೆ ಒತ್ತಿ ಸೆಟ್ಟಿಂಗ್ಸ್‌ಗೆ ಹೋಗಿ. ಪ್ರೈವಸಿ ಆ್ಯಂಡ್ ಸೆಕ್ಯುರಿಟಿ, ಸೈಟ್ ಸೆಟ್ಟಿಂಗ್ಸ್, ನೋಟಿಫಿಕೇಷನ್ಸ್. ಅಲ್ಲಿ ಅನುಮತಿ ಪಡೆದ ಸೈಟ್‌ಗಳ ಪಟ್ಟಿ ಇರುತ್ತದೆ. ಅಕ್ಕನ ಪಟ್ಟಿಯಲ್ಲಿ ಓದಲೂ ಬಾರದ ಹೆಸರಿನವು ಹನ್ನೊಂದು ಇದ್ದವು. ಫೋನಿನಲ್ಲೇ ಒಂದೊಂದಾಗಿ ತೆಗೆಸಿದೆ. ಕೊನೆಯದು ಹೋದ ಮೇಲೆ 'ಮನಿ ಕಸ ಹೊಡದಂಗಾತು ನೋಡು' ಅಂದಳು. ಎಡ್ಜ್ ಬಳಸುವವರಿಗೂ ಇಂಥದೇ ಪಟ್ಟಿ ಇದೆ.

ಕೆಲವು ಇಂಥ ಎಚ್ಚರಿಕೆಗಳಲ್ಲಿ ಮೈಕ್ರೋಸಾಫ್ಟ್ ಹೆಸರು ಹಾಕಿ ಫೋನ್ ನಂಬರ್ ಕೊಟ್ಟಿರುತ್ತಾರೆ. ಆ ನಂಬರಿಗೆ ಫೋನ್ ಮಾಡಬೇಡಿ. ನಿಜವಾದ ವಿಂಡೋಸ್ ಎಚ್ಚರಿಕೆಯಲ್ಲಿ ಫೋನ್ ನಂಬರ್ ಇರುವುದೇ ಇಲ್ಲ. ಯಾರಾದರೂ ಫೋನ್ ಮಾಡಿ ದುಡ್ಡು ಕಳೆದುಕೊಂಡಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ ದೂರು ಕೊಡಿ. ಮತ್ತೆ ಆ ಎರಡು ಆ್ಯಂಟಿವೈರಸ್? ಮೇಲೆ ಗದಗಿನ ಸರ್‌ಗೆ ಹೇಳಿದ್ದೇ ನಿಮಗೂ.

ಪ್ರಶ್ನೆ: ಅರ್ಜಿ ಪ್ರಿಂಟ್ ತೆಗೆಸಲು ಝೆರಾಕ್ಸ್ ಅಂಗಡಿಯಲ್ಲಿ ಪೆನ್‌ಡ್ರೈವ್ ಕೊಟ್ಟೆ. ಮನೆಗೆ ಬಂದು ನೋಡಿದರೆ ನನ್ನ ಫೋಲ್ಡರ್‌ಗಳೆಲ್ಲ ಹೋಗಿ ಶಾರ್ಟ್‌ಕಟ್ ಆಗಿವೆ. ಎರಡು ವರ್ಷದ ನೋಟ್ಸ್ ಅದರಲ್ಲಿದೆ. (ಧಾರವಾಡದ ವಿದ್ಯಾರ್ಥಿನಿ)

ಉತ್ತರ: ನೋಟ್ಸ್ ಹೆಚ್ಚುಕಡಿಮೆ ಅಲ್ಲೇ ಇದೆಯಮ್ಮಾ, ಅಳಬೇಡ. ವೈರಸ್ ನಿನ್ನ ಫೋಲ್ಡರ್‌ಗಳನ್ನು ಅಡಗಿಸಿ, ಅದೇ ಹೆಸರಿನ ಶಾರ್ಟ್‌ಕಟ್ ಮುಂದೆ ಇಟ್ಟಿದೆ. ಆ ಶಾರ್ಟ್‌ಕಟ್ ಒತ್ತಿದರೆ ವೈರಸ್ ಮನೆಯ ಕಂಪ್ಯೂಟರಿಗೂ ಇಳಿಯುತ್ತದೆ. ಒತ್ತಿದ್ದರೆ ಮೊದಲು ಮೇಲೆ ಹೇಳಿದ ಆಫ್‌ಲೈನ್ ಸ್ಕ್ಯಾನ್ ಮಾಡು.

ಆಮೇಲೆ ಪೆನ್‌ಡ್ರೈವ್ ಚುಚ್ಚಿ, ಅದರ ಮೇಲೆ ರೈಟ್ ಕ್ಲಿಕ್ ಮಾಡಿ ಡಿಫೆಂಡರ್‌ನಿಂದ ಸ್ಕ್ಯಾನ್ ಕೊಡು. ಮುಗಿದ ಮೇಲೆ ಫೈಲ್ ಎಕ್ಸ್‌ಪ್ಲೋರರ್‌ನ ವ್ಯೂ ಮೆನುವಿನಲ್ಲಿ ಹಿಡನ್ ಐಟಮ್ಸ್ ಕಾಣುವ ಹಾಗೆ ಮಾಡು. ಆಗಲೂ ಕಾಣದಿದ್ದರೆ ಫೋಲ್ಡರ್ ಆಪ್ಷನ್ಸ್‌ನಲ್ಲಿ 'ಹೈಡ್ ಪ್ರೊಟೆಕ್ಟೆಡ್ ಆಪರೇಟಿಂಗ್ ಸಿಸ್ಟಂ ಫೈಲ್ಸ್' ಅನ್ನುವುದರ ಮುಂದಿನ ಟಿಕ್ ತೆಗೆ. ಕೆಲವೊಮ್ಮೆ ಹೆಸರೇ ಇಲ್ಲದ ಒಂದು ಫೋಲ್ಡರಿನೊಳಗೆ ಎಲ್ಲವನ್ನೂ ತುರುಕಿಟ್ಟಿರುತ್ತದೆ. ನೋಟ್ಸ್ ಫೈಲ್‌ಗಳನ್ನು ಮಾತ್ರ ಕಾಪಿ ಮಾಡಿಕೊಂಡು ಪೆನ್‌ಡ್ರೈವ್ ಫಾರ್ಮ್ಯಾಟ್ ಮಾಡು.

ಝೆರಾಕ್ಸ್ ಅಂಗಡಿಯವರನ್ನು ಬೈಯುವ ಹಾಗಿಲ್ಲ, ದಿನಕ್ಕೆ ಎಷ್ಟು ಜನರ ಪೆನ್‌ಡ್ರೈವ್ ಅಲ್ಲಿ ಚುಚ್ಚುತ್ತಾರೋ. ಅಲ್ಲಿಗೆ ಒಯ್ಯಲು ಒಂದು ಖಾಲಿ ಪೆನ್‌ಡ್ರೈವ್ ಬೇರೆ ಇಟ್ಟುಕೋ.

ಪ್ರಶ್ನೆ: ಬ್ಯಾಡಗಿಯಲ್ಲಿ ಮೆಣಸಿನಕಾಯಿ ವ್ಯಾಪಾರ. ಲೆಕ್ಕಪತ್ರವೆಲ್ಲ ಮನೆಯಲ್ಲಿರುವ ಹಳೇ ವಿಂಡೋಸ್ 7 ಕಂಪ್ಯೂಟರಿನಲ್ಲಿದೆ, ಇಂಟರ್‌ನೆಟ್ಟೂ ಇದೆ. ಯಾವ ಪುಕ್ಕಟೆ ಆ್ಯಂಟಿವೈರಸ್ ಹಾಕಲಿ?

ಉತ್ತರ: ಯಾವುದು ಹಾಕಿದರೂ ಅಷ್ಟಕ್ಕಷ್ಟೇ. ವಿಂಡೋಸ್ 7ರ ಬಿಲಗಳನ್ನು ಮುಚ್ಚುವ ಮಾಮೂಲಿ ಅಪ್‌ಡೇಟ್ ಬರುವುದು 2020ರ ಜನವರಿ 14ಕ್ಕೇ ನಿಂತಿತು. ಗೋಡೆಯಲ್ಲಿ ಬಿಲ ಬಿದ್ದರೆ ಬಾಗಿಲಿಗೆ ಬೀಗ ಹಾಕಿ ಏನು ಮಾಡುವುದು? 2017ರ ಮೇ ತಿಂಗಳಲ್ಲಿ ವಾನಾಕ್ರೈ ಅನ್ನುವ ವೈರಸ್ ಬಂದು ಫೈಲ್‌ಗಳನ್ನೆಲ್ಲ ಬೀಗ ಹಾಕಿ ದುಡ್ಡು ಕೇಳಿತಲ್ಲ, ಅದು ನುಗ್ಗಿದ ಬಿಲವನ್ನು ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ಮುಚ್ಚಿತ್ತು. ಅಪ್‌ಡೇಟ್ ಹಾಕಿಕೊಳ್ಳದವರು ಸಿಕ್ಕಿಬಿದ್ದರು. ವಿಂಡೋಸ್ 10 ಇದ್ದವರೂ ಗಮನಿಸಿ, ಅದರ ಮಾಮೂಲಿ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ.

ಹೊಸ ಕಂಪ್ಯೂಟರ್ ಕೊಳ್ಳುವವರೆಗೆ ಇದರ ಇಂಟರ್‌ನೆಟ್ ಕೇಬಲ್ ಕಿತ್ತಿಡಿ, ಲೆಕ್ಕಕ್ಕೆ ಮಾತ್ರ ಬಳಸಿ. ಪ್ರತಿ ಶನಿವಾರ ಲೆಕ್ಕದ ಫೋಲ್ಡರನ್ನು ಹೊರಗಿನ ಹಾರ್ಡ್ ಡಿಸ್ಕಿಗೆ ಕಾಪಿ ಮಾಡಿ, ಡಿಸ್ಕ್ ಬಿಚ್ಚಿ ಬೀರುವಿನಲ್ಲಿಡಿ. ಚುಚ್ಚಿಯೇ ಬಿಟ್ಟರೆ ಅದಕ್ಕೂ ಬೀಗ ಬೀಳುತ್ತದೆ. ಆ ಡಿಸ್ಕನ್ನು ಅಂಗಡಿಗೆ ಮಾತ್ರ ಒಯ್ಯಬೇಡಿ. ನಿಮ್ಮೂರಿನ ಅಂಗಡಿಗಳಿಂದ ಬಂದ ಕ್ಯಾಬಿನೆಟ್ ಬಿಚ್ಚಿದಾಗಲೆಲ್ಲ ಫ್ಯಾನಿನಿಂದ ಉದುರುವ ಕೆಂಪು ಪುಡಿಗೆ ನಮ್ಮ ಹುಡುಗ ಹತ್ತು ಸಲ ಸೀನುತ್ತಾನೆ.